‘ಕ್ಲೀನ್ ಐತೇನವ್ವಾ?’ ಅಂತ ಮಗ ಕೇಳಿದರೆ

ನನಗೆ ಓಸಿಡಿ, ಅಂದರೆ ಗೀಳು ಕಾಯಿಲೆ, ಇದೆ ಅನ್ನೋದನ್ನ ಈ ಊರಲ್ಲಿ ನಾನು ಮುಚ್ಚಿಟ್ಟಿಲ್ಲ. ಅದಕ್ಕೇ ಆಗಾಗ ಯಾರಾದರೂ ಫೋನ್ ಮಾಡುತ್ತಿರುತ್ತಾರೆ. ನವನಗರದ ಯಾವುದೋ ಸೆಕ್ಟರಿನಿಂದ, ಇಳಕಲ್ಲಿನಿಂದ, ಜಮಖಂಡಿಯಿಂದ. ಯಾರೋ ನಂಬರ್ ಕೊಟ್ಟಿರುತ್ತಾರೆ. ಮೊದಲು ಮಳೆ ಬೆಳೆ ಮಾತಾಡಿ, ಆಮೇಲೆ ಧ್ವನಿ ಸಣ್ಣ ಮಾಡಿ ಕೇಳುತ್ತಾರೆ, "ಟೀಚರ್, ಗುಳಿಗಿ ಸುರು ಮಾಡಬೇಕೋ ಬ್ಯಾಡೋ?" ಮಗುವಿನ ವಿಷಯವಾದರೆ ಧ್ವನಿ ಇನ್ನೂ ಸಣ್ಣದಾಗುತ್ತದೆ. "ಸಣ್ಣ ಹುಡುಗ್ರೀ. ಈ ವಯಸ್ಸಿಗೇ ತಲಿ ಗುಳಿಗಿ ನುಂಗಿಸೂದೇನ್ರೀ?"

ನಾನು ಡಾಕ್ಟರ್ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಗೀಳು ಕಾಯಿಲೆ ಕಾಲೇಜಿನ ದಿನಗಳಿಂದ ನನ್ನ ಜೊತೆಗಿದೆ. ಮಗಳು ಹುಟ್ಟಿದ ಮೇಲೆ ಜೋರಾಯಿತು, ಚಿಕಿತ್ಸೆ ತಗೊಂಡೆ, ಈಗ ಹತೋಟಿಯಲ್ಲಿದೆ. ವಿಜಯಪುರದಲ್ಲಿರುವ ಅಕ್ಕನ ಮಗನಿಗೂ ಬಂತು, ಅವನು ಐದನೇ ಕ್ಲಾಸಿನಲ್ಲಿದ್ದಾಗ. ಈ ಕಾಯಿಲೆ ಮನೆತನದಲ್ಲಿ ಹರಿದು ಬರುತ್ತದೆ, ಅದರಲ್ಲೂ ಚಿಕ್ಕ ವಯಸ್ಸಿಗೇ ಶುರುವಾಗೋದರಲ್ಲಿ ರಕ್ತದ ಪಾಲು ಜಾಸ್ತಿ. ಹಾಗಾಗಿ ದೊಡ್ಡವರ ಚಿಕಿತ್ಸೆ, ಮಕ್ಕಳ ಚಿಕಿತ್ಸೆ ಎರಡನ್ನೂ ಹತ್ತಿರದಿಂದ ನೋಡಿದ್ದೇನೆ. ಫೋನಿನಲ್ಲಿ ಅದನ್ನೇ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಟ್ಟರೆ ಲಿಂಕ್ ಕಳಿಸಬಹುದು ಅಲ್ವಾ.

ಗುಳಿಗೆ ಬೇಕೋ ಬೇಡವೋ ಅನ್ನೋದು ಎರಡನೇ ಪ್ರಶ್ನೆ. ಮೊದಲನೇದನ್ನ ಯಾರೂ ಕೇಳೋದೇ ಇಲ್ಲ. ನಾನೇ ಕೇಳುತ್ತೇನೆ: ಮನೆಯಲ್ಲಿ ಈ ಕಾಯಿಲೆಗೆ ಯಾರು ಯಾರು ಉತ್ತರ ಕೊಡುತ್ತಿದ್ದೀರಿ?

ಬಿಡಿಸಿ ಹೇಳುತ್ತೇನೆ. ಬೇಡ ಅಂದರೂ ಒಂದು ಯೋಚನೆ ತಲೆಗೆ ನುಗ್ಗುತ್ತದೆ. ಕೈ ಹೊಲಸಾಗಿದೆ, ಗ್ಯಾಸ್ ಆರಿಸಿಲ್ಲ, ದೇವರ ಮುಂದೆ ಕೆಟ್ಟ ಮಾತು ಬಂತು, ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ. ಎದೆ ಹೊಡೆದುಕೊಳ್ಳುತ್ತದೆ. ಆ ಸಂಕಟ ತಡೆಯೋಕಾಗದೆ ಮನುಷ್ಯ ಏನೋ ಒಂದು ಮಾಡುತ್ತಾನೆ. ತೊಳೆಯುತ್ತಾನೆ, ಮತ್ತೆ ನೋಡುತ್ತಾನೆ, ಎಣಿಸುತ್ತಾನೆ, ಮನಸ್ಸಿನಲ್ಲೇ ಮಂತ್ರ ಹೇಳುತ್ತಾನೆ, ಇಲ್ಲಾ ಪಕ್ಕದಲ್ಲಿದ್ದವರನ್ನ ಕೇಳುತ್ತಾನೆ. ಸ್ವಲ್ಪ ಹೊತ್ತು ಹಾಯ್ ಅನಿಸುತ್ತದೆ. ಆಮೇಲೆ ಮತ್ತೆ ಅದೇ ಯೋಚನೆ, ಈ ಸಲ ಇನ್ನೂ ಗಟ್ಟಿಯಾಗಿ. ಕಾಯಿಲೆ ಬೆಳೆಯೋದು ಯೋಚನೆಯಿಂದಲ್ಲ, ಆ ‘ಹಾಯ್’ನಿಂದ. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಯಾವ ಕಾಯಿಲೆಯೂ ಇಲ್ಲದ ಜನರನ್ನ ವಿಚಾರಿಸಿ ನೋಡಿದರು. ಸುಮಾರು 80 ಪರ್ಸೆಂಟ್ ಮಂದಿಗೆ ಇಂಥದೇ ವಿಚಿತ್ರ, ಹೊಲಸು, ಹಿಂಸೆಯ ಯೋಚನೆಗಳು ಬಂದುಹೋಗುತ್ತಿದ್ದವು. ಅವರು ‘ಏನೋ ಬಂತು’ ಅಂತ ಬಿಟ್ಟುಬಿಡುತ್ತಾರೆ. ನಾವು ಅದನ್ನ ಕೂರಿಸಿ ವಿಚಾರಣೆ ಶುರು ಮಾಡುತ್ತೇವೆ.

ನಮ್ಮ ಕಡೆ ಇದು ಬೇಗ ಗೊತ್ತಾಗದೆ ಇರೋದಕ್ಕೆ ಒಂದು ಕಾರಣ ಮಡಿ. ಅಜ್ಜಿ ದಿನಕ್ಕೆ ಎಷ್ಟು ಸಲ ಸ್ನಾನ ಮಾಡಿದರೂ ‘ಭಾಳ ಮಡಿ ಅವರು’ ಅಂತಾರೆ, ಮುಗೀತು. ಮಡಿ ಮಾಡೋದೆಲ್ಲ ಕಾಯಿಲೆ ಅಲ್ಲ, ಅದು ಸ್ಪಷ್ಟವಾಗಿರಲಿ. ಮಡಿಗೆ ಒಂದು ಕೊನೆ ಇದೆ. ಪೂಜೆ ಮುಗಿದು ನೈವೇದ್ಯ ಆದರೆ ಮಡಿ ಸೀರೆ ಬಿಚ್ಚಿಟ್ಟು ಎಲ್ಲರ ಜೊತೆ ಊಟಕ್ಕೆ ಕೂರುತ್ತಾರೆ. ಗೀಳಿಗೆ ಆ ಕೊನೆ ಇರೋದಿಲ್ಲ. ತೊಳೆದ ಮೇಲೆ ‘ಸರಿಯಾಗಿ ತೊಳೆದೆನಾ?’ ಅಂತ ಶುರು. ಮಕ್ಕಳಲ್ಲಿ ಇನ್ನೊಂದು ಮೋಸ ಇದೆ. ಅಕ್ಷರ ದುಂಡಗಾಗಲಿಲ್ಲ ಅಂತ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ಹರಿಯುವ ಮಗುವಿಗೆ ನಾವು ಮೇಷ್ಟ್ರುಗಳೇ ‘ವೆರಿ ಗುಡ್’ ಬರೆದು ಕಳಿಸುತ್ತೇವೆ. ಪರೀಕ್ಷೆಯಲ್ಲಿ ಅರ್ಧ ಪೇಪರ್ ಖಾಲಿ ಬಿಟ್ಟು ಬಂದಾಗ ‘ಸ್ಪೀಡ್ ಕಮ್ಮಿ’ ಅಂತೀವಿ. ಸ್ಪೀಡ್ ಕಮ್ಮಿ ಅಲ್ಲ. ಮೊದಲ ಪುಟವನ್ನ ಅದು ಮತ್ತೆ ಮತ್ತೆ ಬರೆಯುತ್ತಿತ್ತು.

ನನ್ನದು ತೊಳೆಯೋ ಜಾತಿ ಅಲ್ಲ. ಮಗಳು ಹುಟ್ಟಿದ ಮೇಲೆ ಈಳಿಗೆ ನೋಡಿದರೆ ಸಾಕು, ಇದರಿಂದ ಮಗುವಿಗೆ ಏನಾದರೂ ಮಾಡಿಬಿಟ್ಟರೆ ಅನ್ನೋ ಯೋಚನೆ ಬರುತ್ತಿತ್ತು. ಈಳಿಗೆಯನ್ನ ಅಟ್ಟಕ್ಕೆ ಹಾಕಿಸಿದೆ. ಚಾಕು ಪಕ್ಕದ ಮನೆಗೆ ಹೋಯಿತು. ಗಂಡ ಸ್ಕೂಟರ್ ಕೀ ಹಿಡಿದರೆ ಕೈಕಾಲು ತಣ್ಣಗಾಗುತ್ತಿತ್ತು, ಮಗುವಿನ ಜೊತೆ ಒಬ್ಬಳೇ ಇರಬೇಕಲ್ಲ ಅಂತ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗುವನ್ನ ಕಿತ್ತುಕೊಳ್ಳುತ್ತಾರೆ ಅನ್ನೋ ಹೆದರಿಕೆ. ಇದನ್ನ ಓದುತ್ತಿರುವ ಯಾವುದಾದರೂ ಬಾಣಂತಿಗೆ ಇದೇ ಆಗುತ್ತಿದ್ದರೆ ಕೇಳಿ, ಇದು ಗೊತ್ತಿರುವ ಕಾಯಿಲೆ, ಬಾಣಂತನದಲ್ಲಿ ಇದು ಶುರುವಾಗೋದು, ಜಾಸ್ತಿಯಾಗೋದು ಡಾಕ್ಟರುಗಳಿಗೆ ಹೊಸದಲ್ಲ. ಆ ಯೋಚನೆ ಬಂದು ನೀವು ನಡುಗುತ್ತೀರಿ ಅಂದರೆ ಅದು ನಿಮ್ಮ ಆಸೆ ಅಲ್ಲ ಅಂತಲೇ ಅರ್ಥ. ಬೇರೆ ಒಂದು ಸ್ಥಿತಿ ಇದೆ. ಬಾಣಂತಿಗೆ ಯಾರೋ ಮಾತಾಡಿದಂತೆ ಕೇಳಿಸುತ್ತದೆ, ಮಗುವಿನಲ್ಲಿ ಏನೋ ಸೇರಿಕೊಂಡಿದೆ ಅಂತ ನಂಬುತ್ತಾಳೆ, ನಿದ್ದೆಯೇ ಇರೋದಿಲ್ಲ, ತಲೆ ಗೊಂದಲವಾಗಿರುತ್ತದೆ. ಅದು ತುರ್ತು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಮೊದಲು ತೋರಿಸಿದ ಡಾಕ್ಟರು ನಿದ್ದೆ ಗುಳಿಗೆ ಬರೆದುಕೊಟ್ಟು "ಮನಸ್ಸು ಗಟ್ಟಿ ಮಾಡ್ಕೊಳ್ರಿ" ಅಂದರು. ನಿದ್ದೆ ಬಂತು, ಎದ್ದ ಮೇಲೆ ಈಳಿಗೆಯೂ ಬಂತು. ಆತಂಕ ತಗ್ಗಿಸುವ ಆ ಜಾತಿ ಗುಳಿಗೆಗಳು ಗೀಳನ್ನ ವಾಸಿ ಮಾಡೋದಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಭ್ಯಾಸ ಬೇರೆ ಆಗುತ್ತವೆ.

ಗೀಳಿಗೆ ನಿಜವಾಗಿ ಕೆಲಸ ಮಾಡುವ ಮಾತಿನ ಚಿಕಿತ್ಸೆಗೆ ಇಆರ್‌ಪಿ ಅಂತಾರೆ. ಹೆದರಿಕೆ ಹುಟ್ಟಿಸುವ ಸಂಗತಿಗೆ ಬೇಕಂತಲೇ ಎದುರು ನಿಲ್ಲೋದು, ನಿಂತ ಮೇಲೆ ಯಾವಾಗಲೂ ಮಾಡುವ ಆ ಸಮಾಧಾನದ ಕೆಲಸವನ್ನ ಮಾಡದೆ ಇರೋದು. ಅಷ್ಟೇ. ಹೇಳೋಕೆ ಒಂದು ಸಾಲು, ಮಾಡೋಕೆ ಜೀವ ಬಾಯಿಗೆ ಬರುತ್ತದೆ. 1966ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ವಿಕ್ಟರ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞ ಇಬ್ಬರು ರೋಗಿಗಳ ಬಗ್ಗೆ ಬರೆದರು. ಅದಕ್ಕೂ ಮುಂಚೆ ಗೀಳು ಅಂದರೆ ವಾಸಿಯಾಗದ ಕಾಯಿಲೆ ಅಂತಲೇ ಬಹಳ ಡಾಕ್ಟರುಗಳು ಕೈಬಿಟ್ಟಿದ್ದರು. ತೊಳೆಯುವ ಗೀಳಿದ್ದ ಹೆಂಗಸಿನ ಕೋಣೆಗೆ ಮೇಯರ್ ನೀರನ್ನೇ ಬಂದ್ ಮಾಡಿಸಿದ್ದರು. ಇದನ್ನ ಹೇಳಿದಾಗ ನನ್ನ ಅಕ್ಕ "ಹಂಗಾದ್ರ ನಮ್ಮ ಊರಾಗ ಯಾರಿಗೂ ಈ ರೋಗ ಇರಬಾರದಿತ್ತು" ಅಂದಳು. ವಿಜಯಪುರದಲ್ಲಿ ನಳಕ್ಕೆ ದಿನಗಟ್ಟಲೆ ನೀರು ಬರದ ಕಥೆ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಈಗ ಯಾರೂ ಹಾಗೆ ಒತ್ತಾಯದಿಂದ ಬಂದ್ ಮಾಡೋದಿಲ್ಲ. ರೋಗಿ ಒಪ್ಪಿ, ತಾನೇ ಆರಿಸಿಕೊಂಡ ಹೆಜ್ಜೆಯನ್ನೇ ಇಡಿಸುತ್ತಾರೆ.

ಮೊದಲು ಒಂದು ಪಟ್ಟಿ ಮಾಡಿಸುತ್ತಾರೆ. ಯಾವುದಕ್ಕೆ ಎಷ್ಟು ಭಯ ಅಂತ ನೂರಕ್ಕೆ ಇಷ್ಟು ಅಂತ ಅಂಕ ಹಾಕಬೇಕು. ಗಣಿತದವಳಾದ್ದರಿಂದ ಇದೊಂದು ಮಾತ್ರ ನನಗೆ ಇಷ್ಟವಾಯಿತು. ಟೇಬಲ್ ಮೇಲೆ ಚಾಕು ಇಟ್ಟು ಪಕ್ಕದಲ್ಲಿ ಕೂರೋದು 30. ಮಗು ಇನ್ನೊಂದು ಕೋಣೆಯಲ್ಲಿದ್ದಾಗ ಈಳಿಗೆಯಲ್ಲಿ ಬದನೆಕಾಯಿ ಹೆಚ್ಚೋದು 55. ಮಗು ಪಕ್ಕದಲ್ಲೇ ಚಾಪೆಯ ಮೇಲೆ ಆಡುತ್ತಿರುವಾಗ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಹೆಚ್ಚೋದು 95. ನನ್ನ ಥೆರಪಿಸ್ಟ್ ಬೆಂಗಳೂರಿನಲ್ಲಿದ್ದರು, ಎಲ್ಲ ವಿಡಿಯೋ ಕಾಲಿನಲ್ಲೇ. ಇದು ಕೊರತೆ ಅಂದುಕೊಂಡಿದ್ದೆ. ಆದರೆ ನನ್ನ ಭಯ ಇದ್ದದ್ದು ಅಡುಗೆಮನೆಯಲ್ಲಿ, ಕ್ಲಿನಿಕ್ಕಿನಲ್ಲಿ ಅಲ್ಲ. ಫೋನನ್ನ ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟರೆ ಅವರು ಅಡುಗೆಮನೆಗೇ ಬಂದಂತಾಗುತ್ತಿತ್ತು. ವಿಡಿಯೋ ಮೂಲಕ ಮಾಡಿದರೂ ಇದು ಫಲ ಕೊಡುತ್ತದೆ ಅಂತ ಈಗ ಸಾಕಷ್ಟು ಅಧ್ಯಯನಗಳಿವೆ. ನೆಟ್‌ವರ್ಕ್ ಹೋದರೆ ಮಾತ್ರ ನಿಮ್ಮ ಗತಿ ನಿಮಗೆ.

ಆ 95ರ ದಿನ ಹೇಳುತ್ತೇನೆ. ಈಳಿಗೆ ಮಣೆಯ ಮೇಲೆ ಕಾಲಿಟ್ಟು ಕೂತಿದ್ದೆ. ಮಗಳು ಒಂದು ಕೈಯಳತೆಯ ದೂರದಲ್ಲಿ ಸ್ಟೀಲ್ ಬಟ್ಟಲು ಬಡಿಯುತ್ತಿದ್ದಳು. ಹೀರೇಕಾಯಿ ಹೆಚ್ಚಬೇಕಿತ್ತು. ಕೈ ಬೆವರಿ ಕಾಯಿ ಜಾರುತ್ತಿತ್ತು. ಥೆರಪಿಸ್ಟರನ್ನ "ನಾನು ಏನೂ ಮಾಡೋದಿಲ್ಲ ಅಲ್ವಾ?" ಅಂತ ಕೇಳಿದೆ. ಅವರು "ಇಲ್ಲ" ಅನ್ನಲಿಲ್ಲ. "ಮಾಡಬಹುದು, ಮಾಡದೇ ಇರಬಹುದು. ಹೀರೇಕಾಯಿ ಮುಗಿಸಿ" ಅಂದರು. ಎಂಥ ಕಲ್ಲು ಮನಸ್ಸು ಅನಿಸಿತು! ಸಮಾಧಾನ ಹೇಳೋಕೇ ಅಲ್ವಾ ದುಡ್ಡು ಕೊಡೋದು? ಆದರೆ ಚಿಕಿತ್ಸೆ ಇರೋದೇ ಅಲ್ಲಿ. ‘ಖಂಡಿತ ಇಲ್ಲ’ ಅಂತ ಯಾರಾದರೂ ಹೇಳಿದ್ದಿದ್ದರೆ ಅದೂ ಒಂದು ಗುಟುಕು ‘ಹಾಯ್’ ಆಗಿ ಒಳಗೆ ಹೋಗಿ, ಸಂಜೆಗೆ ಮತ್ತೆ ಕೇಳುವಂತಾಗುತ್ತಿತ್ತು. ಉತ್ತರ ಇಲ್ಲದೆಯೇ ಕೂತೆ. ಕಾಯಿ ಮುಗಿಯಿತು. ಹೋಳುಗಳು ಒಂದಕ್ಕೊಂದು ಸಂಬಂಧ ಇಲ್ಲದಂತೆ ದಪ್ಪ ಸಣ್ಣ ಆಗಿದ್ದವು, ಪಲ್ಯ ಅರ್ಧ ಬೆಂದಿತ್ತು. ಭಯ ಪೂರ್ತಿ ಹೋಗಿರಲಿಲ್ಲ. ಭಯ ಇದ್ದರೂ ಅಡುಗೆ ಮಾಡಬಹುದು ಅಂತ ಗೊತ್ತಾಯಿತು. ಹಿಂದೆ ಭಯ ಇಳಿಯಲೇಬೇಕು ಅಂತ ಕಾಯುತ್ತಿದ್ದರಂತೆ. ಈಗಿನ ಥೆರಪಿಸ್ಟರು ಅದಕ್ಕಿಂತ ಈ ಕಲಿಕೆಗೇ ಜಾಸ್ತಿ ಬೆಲೆ ಕೊಡುತ್ತಾರೆ.

ಕೆಲಸ ಹೊರಗೆ ಕಾಣದೆ ಮನಸ್ಸಿನಲ್ಲೇ ನಡೆಯುವವರಿಗೂ ಇದೇ ದಾರಿ. ನನ್ನ ಪರಿಚಯದ ಒಬ್ಬರಿಗೆ ಬನಶಂಕರಿಯ ಗುಡಿಯಲ್ಲಿ ಕೈ ಮುಗಿದು ನಿಂತರೆ ದೇವಿಯ ಬಗ್ಗೆ ಹೇಳಬಾರದ ಮಾತು ತಲೆಯಲ್ಲಿ ಬರುತ್ತಿತ್ತು. ಪ್ರಾಯಶ್ಚಿತ್ತಕ್ಕೆ ಹರಕೆ, ಹರಕೆಯಲ್ಲಿ ಏನೋ ತಪ್ಪಿತು ಅಂತ ಇನ್ನೊಂದು ಹರಕೆ. ಚಿಕಿತ್ಸೆಯಲ್ಲಿ ದೇವರನ್ನ ಬಿಡಿ ಅಂತ ಯಾರೂ ಹೇಳಲಿಲ್ಲ. ಜಾತ್ರೆಗೆ ಹೋಗಿ, ಎಲ್ಲರಂತೆ ಒಂದೇ ಸಲ ಕೈ ಮುಗಿದು, ಯೋಚನೆ ಬಂದರೆ ಬರಲಿ ಅಂತ ಬಿಟ್ಟು, ಹೊರಗೆ ಬಂದು ರೊಟ್ಟಿ ಊಟ ಮಾಡಿ ಬನ್ನಿ ಅಂದರು. ಯೋಚನೆ ಬಂದಾಗ ಕೈಗೆ ರಬ್ಬರ್ ಬ್ಯಾಂಡ್ ಹೊಡೆದುಕೊಳ್ಳಿ, ಬೇರೇನೋ ಯೋಚಿಸಿ ಅನ್ನುವವರು ಇನ್ನೂ ಇದ್ದಾರೆ. ಬೇಡ ಅಂತ ತಳ್ಳಿದಷ್ಟೂ ಅದು ಜಾಸ್ತಿ ಬರುತ್ತದೆ.

ಈಗ ಅಕ್ಕನ ಮಗನ ವಿಷಯ. ಅವನಿಗೆ ತೊಳೆಯೋದರ ಜೊತೆ ಕೇಳೋದೂ ಇತ್ತು. "ಕ್ಲೀನ್ ಐತೇನವ್ವಾ?" ತಟ್ಟೆ ಇಟ್ಟಾಗ, ಬಾಗಿಲು ಮುಟ್ಟಿದಾಗ, ಮಲಗುವಾಗ. ಅಕ್ಕ "ಹೂನಪ್ಪ, ಕ್ಲೀನ್ ಐತಿ" ಅಂತಿದ್ದಳು. ಒಂದು ಸಲ ಹೇಳಿದರೆ ಸಾಲದು, ಧ್ವನಿಯಲ್ಲಿ ಬೇಸರ ಇದ್ದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಹೇಳಬೇಕು. ಅವನ ಅಪ್ಪ ಆಫೀಸಿನಿಂದ ಬಂದವರು ಹೊರಗಿನ ಬಚ್ಚಲಿನಲ್ಲಿ ಬಟ್ಟೆ ಬದಲಾಯಿಸಿಯೇ ಒಳಗೆ ಕಾಲಿಡುತ್ತಿದ್ದರು. ಅಜ್ಜ ನಳವನ್ನ ತೊಳೆದು ಕೊಡುತ್ತಿದ್ದರು, ಮೊಮ್ಮಗ ಮುಟ್ಟೋಕೆ. ತುಂಬಿಟ್ಟ ಬ್ಯಾರಲ್ಲು ನೀರು ಬರುವ ಮೊದಲೇ ಖಾಲಿ, ಟ್ಯಾಂಕರ್ ತರಿಸೋದು. ಇದನ್ನೆಲ್ಲ ಪ್ರೀತಿಯಿಂದಲೇ ಮಾಡುತ್ತಿದ್ದರು. ಮಗು ಅಳೋದನ್ನ ಯಾರು ನೋಡ್ತಾರೆ ಹೇಳಿ? ಆದರೆ ಇಡೀ ಮನೆ ಕಾಯಿಲೆಯ ಕೈಕೆಳಗೆ ನೌಕರಿಗೆ ಸೇರಿಕೊಂಡಂತಿತ್ತು.

ಮಕ್ಕಳ ಚಿಕಿತ್ಸೆಗೂ ದೊಡ್ಡವರ ಚಿಕಿತ್ಸೆಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ದೊಡ್ಡವರು ತಾವೇ ಹೋಗಿ ತಾವೇ ಮಾಡಬಹುದು. ಮಗುವಿಗೆ ಚಿಕಿತ್ಸೆ ಅಂದರೆ ಅರ್ಧ ಚಿಕಿತ್ಸೆ ಅಪ್ಪ ಅಮ್ಮನಿಗೆ. ಸೈಕಾಲಜಿಸ್ಟ್ ಮೊದಲು ಹುಡುಗನಿಗೆ ಈ ಗೀಳಿಗೆ ಒಂದು ಹೆಸರಿಡು ಅಂದರು. ‘ಕಿರಿಕಿರಿ ಕಾಕಾ’ ಅಂತ ಇಟ್ಟ. ಹೆಸರಿಟ್ಟ ಮೇಲೆ ಜಗಳ ತಾಯಿ ಮಗನ ನಡುವೆ ಅಲ್ಲ, ಎಲ್ಲರೂ ಸೇರಿ ಕಾಕಾನ ಜೊತೆ. ಆಮೇಲೆ ಮನೆಯವರೆಲ್ಲ ಒಂದು ಮಾತಿಗೆ ಒಪ್ಪಿಕೊಂಡರು. ಉತ್ತರ ಕೊಡೋದನ್ನ ದಿಢೀರ್ ಅಂತ ನಿಲ್ಲಿಸಬಾರದು, ಅವನಿಗೆ ಮೊದಲೇ ಹೇಳಿ, ಸ್ವಲ್ಪ ಸ್ವಲ್ಪ ಕಮ್ಮಿ ಮಾಡಬೇಕು. ಬೈಯಬಾರದು, ಅಣಕಿಸಬಾರದು. ಅವನು ಕೇಳಿದರೆ ಹೇಳಬೇಕಾದ ಮಾತು ಇದು: "ಇದು ಕಾಕಾನ ಪ್ರಶ್ನೆ ಅನಸ್ತೈತಿ. ನಿನಗ ತ್ರಾಸ ಆಗಾಕತ್ತೈತಿ, ಗೊತ್ತು. ನೀ ತಡಕೋತಿ." ಅಷ್ಟೇ. ಇದನ್ನ ಎಲ್ಲರೂ ಹೇಳಬೇಕು. ಅಜ್ಜ ಮಾತ್ರ ಮೆಲ್ಲಗೆ ಕಿವಿಯಲ್ಲಿ "ಕ್ಲೀನ್ ಐತಿ ಮಲಕೋ" ಅಂದು ಬರುತ್ತಿದ್ದರು, ಅವರನ್ನ ದಾರಿಗೆ ತರೋದೇ ಹೆಚ್ಚು ಕಷ್ಟವಾಯಿತು.

ಮೊದಲ ದಿನಗಳಲ್ಲಿ ಅವನ ಗಲಾಟೆ ಜಾಸ್ತಿಯಾಯಿತು. ಇದು ಎಲ್ಲ ಮನೆಗಳಲ್ಲೂ ಆಗುತ್ತದೆ, ಚಿಕಿತ್ಸೆ ಕೈಕೊಟ್ಟಿತು ಅಂದುಕೊಂಡು ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಮಗು ಥೆರಪಿಗೆ ಬರೋದೇ ಇಲ್ಲ ಅಂತ ಹಟ ಹಿಡಿದರೂ ಅಪ್ಪ ಅಮ್ಮನಿಗೆ ಮಾತ್ರ ತರಬೇತಿ ಕೊಟ್ಟು ಮಗುವಿನ ಆತಂಕ, ಗೀಳನ್ನ ಕಮ್ಮಿ ಮಾಡುವ ಒಂದು ವಿಧಾನವನ್ನ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲೈ ಲೆಬೊವಿಟ್ಜ್ ಅನ್ನುವವರು ರೂಪಿಸಿದ್ದಾರೆ. ಸ್ಪೇಸ್ ಅಂತ ಅದರ ಹೆಸರು. ಮನೆಯವರ ಪಾತ್ರ ಎಷ್ಟಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಒಂದು ದಿನ ಅವನ ಅಭ್ಯಾಸಕ್ಕೆ ನಾನೂ ಹೋಗಿದ್ದೆ, ವಿಜಯಪುರದ ಬಸ್ ಸ್ಟ್ಯಾಂಡಿಗೆ. ಮನೆಯ ಚಿಲಕ, ಅಂಗಡಿಯಲ್ಲಿ ಕೊಟ್ಟ ಚಿಲ್ಲರೆ ಇವೆಲ್ಲ ಆಗಲೇ ದಾಟಿದ್ದ. ಅವತ್ತಿನ ಪಾಠ, ನಿಂತ ಬಸ್ಸಿನ ಕಂಬಿಯನ್ನ ಹಿಡಿದು, ಬೆಂಚಿನ ಮೇಲೆ ಕೂತು, ಕೈ ತೊಳೆಯದೆ ಶೇಂಗಾ ತಿನ್ನೋದು. ಥೆರಪಿಸ್ಟರು ಯಾರನ್ನೂ ಕೊಳಚೆಗೆ ಕೈ ಹಾಕಿಸೋದಿಲ್ಲ ಬಿಡಿ. ಪ್ರಯಾಣದಲ್ಲಿ ಎಲ್ಲ ಹುಡುಗರೂ ಮಾಡೋದನ್ನೇ ಮಾಡಿಸುತ್ತಾರೆ. ಕಂಬಿ ಹಿಡಿದ. ಮುಖ ಕೆಂಪಾಯಿತು. ಹತ್ತಕ್ಕೆ ಎಷ್ಟು ಅಂದರೆ "ಒಂಬತ್ತು" ಅಂದ. ಶೇಂಗಾ ಪೊಟ್ಟಣ ಬಿಚ್ಚಿ ಒಂದೊಂದೇ ಕಾಳನ್ನ ಉಗುರಿನ ತುದಿಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡ. "ಹಂಗಲ್ಲ, ಮುಟಗಿ ತುಂಬ" ಅಂದಳು ಅಕ್ಕ, ಅವಳ ಧ್ವನಿಯೇ ನಡುಗುತ್ತಿತ್ತು. ಒಂಬತ್ತು, ಎಂಟು, ಮತ್ತೆ ಒಂಬತ್ತು, ಎಂಟು. ಹಾಗೇ ಕೂತಿದ್ದೆವು. ಎಷ್ಟೋ ಹೊತ್ತಿನ ಮೇಲೆ "ಚಿಗವ್ವಾ, ಇಂಡಿ ಬಸ್ಸಿನ್ಯಾಗ ಆಡು ಹತ್ತಿಸಾಕತ್ತಾರ ನೋಡು" ಅಂದ. ಈಗ ಎಷ್ಟು ಅಂತ ಕೇಳಿದರೆ ಲೆಕ್ಕವನ್ನೇ ಮರೆತಿದ್ದ. ಬಹುಮಾನ ಮೊದಲೇ ಮಾತಾಗಿತ್ತು, ಅವತ್ತು ಗೋಳಗುಮ್ಮಟಕ್ಕೆ ಹೋಗಿ ಮೇಲೆ ಕೂಗಿ ಬರೋದು. ಮಕ್ಕಳಿಗೆ ಇಂಥ ಸಣ್ಣ ಬಹುಮಾನ ಇರಬೇಕು. ಅದು ಕೈ ತೊಳೆಯದೆ ಇದ್ದದ್ದಕ್ಕೆ ಬಹುಮಾನ, ಭಯ ಕಮ್ಮಿಯಾದದ್ದಕ್ಕೆ ಅಲ್ಲ.

ಈಗ ಗುಳಿಗೆಗೆ ಬರೋಣ. ಮಕ್ಕಳ ಬಗ್ಗೆ ಹೇಳುವಾಗ ನನಗೆ ಯಾವಾಗಲೂ ನೆನಪಾಗೋದು 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪಾಟ್ಸ್ ಅನ್ನುವ ಅಧ್ಯಯನ. 7ರಿಂದ 17 ವರ್ಷದ 112 ಮಕ್ಕಳನ್ನ ನಾಲ್ಕು ಗುಂಪು ಮಾಡಿ 12 ವಾರ ನೋಡಿದರು. ಥೆರಪಿ ಮತ್ತು ಸರ್ಟ್ರಲೀನ್ ಗುಳಿಗೆ ಎರಡೂ ಸಿಕ್ಕವರಲ್ಲಿ ಸುಮಾರು 54 ಪರ್ಸೆಂಟ್ ಮಕ್ಕಳಿಗೆ ಲಕ್ಷಣಗಳು ಹೆಚ್ಚುಕಮ್ಮಿ ಹೋದವು. ಬರೀ ಥೆರಪಿ ಸಿಕ್ಕವರಲ್ಲಿ 39. ಬರೀ ಗುಳಿಗೆಯಲ್ಲಿ 21. ಒಳಗೆ ಔಷಧವೇ ಇಲ್ಲದ ಸುಳ್ಳು ಗುಳಿಗೆಯಲ್ಲಿ 4 ಕೂಡ ಇಲ್ಲ. ಈ ಲೆಕ್ಕ ನೋಡಿದರೆ ನಮ್ಮ ಊರುಗಳಲ್ಲಿ ನಡೆಯೋದು ತಲೆಕೆಳಗು. ಗುಳಿಗೆ ಸುಲಭವಾಗಿ ಸಿಗುತ್ತದೆ, ಥೆರಪಿ ಸಿಗೋದಿಲ್ಲ. ಹಾಗಾಗಿ ಆ 21ರ ದಾರಿಯನ್ನೇ ‘ಚಿಕಿತ್ಸೆ’ ಅಂತ ಕೊಟ್ಟು ಕಳಿಸುತ್ತಾರೆ. ಕಾಯಿಲೆ ಹಗುರ, ಮಧ್ಯಮ ಇದ್ದರೆ ಮಕ್ಕಳಿಗೆ ಮೊದಲು ಥೆರಪಿ, ಜೋರಾಗಿದ್ದರೆ ಎರಡೂ ಸೇರಿಸಿ ಅನ್ನೋದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಾತು. ಶಾಲೆ ಬಿಟ್ಟು, ಊಟ ಬಿಟ್ಟು ಬಚ್ಚಲಿನಲ್ಲೇ ಇರುವ ಮಗುವಿಗೆ ‘ಗುಳಿಗೆ ಬೇಡ’ ಅಂತ ಹಟ ಹಿಡಿಯಬೇಡಿ. ಗುಳಿಗೆ ಸಂಕಟವನ್ನ ಸ್ವಲ್ಪ ಇಳಿಸಿದರೆ ಥೆರಪಿ ಮಾಡೋ ಧೈರ್ಯ ಬರುತ್ತದೆ.

ಇವು ಹುಚ್ಚಿನ ಗುಳಿಗೆ ಅಲ್ಲ, ಖಿನ್ನತೆಗೂ ಕೊಡುವ ಎಸ್‌ಎಸ್‌ಆರ್‌ಐ ಜಾತಿಯವು. ಫ್ಲುಯಾಕ್ಸೆಟಿನ್, ಸರ್ಟ್ರಲೀನ್, ಫ್ಲುವೋಕ್ಸಮಿನ್, ಎಸ್ಸಿಟಲೋಪ್ರಾಮ್. ಅಮೆರಿಕದಲ್ಲಿ ಗೀಳಿಗಾಗಿಯೇ ಸರ್ಟ್ರಲೀನನ್ನ 6 ವರ್ಷದಿಂದ, ಫ್ಲುಯಾಕ್ಸೆಟಿನನ್ನ 7ರಿಂದ, ಫ್ಲುವೋಕ್ಸಮಿನನ್ನ 8ರಿಂದ ಕೊಡಲು ಒಪ್ಪಿಗೆ ಇದೆ. ಮಕ್ಕಳಿಗೆ ಬಹಳ ಕಮ್ಮಿ ಡೋಸಿನಿಂದ ಶುರು ಮಾಡುತ್ತಾರೆ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸೋದು, ತಲೆನೋವು, ಚಡಪಡಿಕೆ ಇರಬಹುದು. 2004ರಲ್ಲಿ ಅಮೆರಿಕದ ಔಷಧ ಇಲಾಖೆ, ಇಂಥ ಗುಳಿಗೆ ತಗೊಳ್ಳುವ ಕೆಲವು ಮಕ್ಕಳಲ್ಲಿ ಸಾಯುವ ಯೋಚನೆ ಜಾಸ್ತಿಯಾಗಬಹುದು ಅಂತ ದೊಡ್ಡ ಎಚ್ಚರಿಕೆ ಹಾಕಿತು. ಅದಕ್ಕೆ ಹೆದರಿ ಓಡಬೇಕಿಲ್ಲ. ಶುರು ಮಾಡಿದಾಗ, ಡೋಸ್ ಬದಲಾದಾಗ ಮಗುವಿನ ಮೇಲೆ ಕಣ್ಣಿಡಿ, ಏನಾದರೂ ಬೇರೆ ಅನಿಸಿದರೆ ಅವತ್ತೇ ಡಾಕ್ಟರಿಗೆ ಹೇಳಿ.

ದೊಡ್ಡವರು ಹೇಳುವ ದೂರು ಬೇರೆ, "ಒಂದು ತಿಂಗಳು ನುಂಗಿದೆ, ಏನೂ ಆಗಲಿಲ್ಲ." ಗೀಳಿಗೆ ಗುಳಿಗೆ ನಿಧಾನ. 8ರಿಂದ 12 ವಾರ ಬೇಕು, ಅದೂ ಸರಿಯಾದ ಡೋಸಿನಲ್ಲಿ. ಖಿನ್ನತೆಗೆ ಸಾಕಾಗುವ ಡೋಸ್ ಗೀಳಿಗೆ ಸಾಲೋದಿಲ್ಲ. ಸರ್ಟ್ರಲೀನ್ 200 ಮಿಲಿಗ್ರಾಂವರೆಗೆ, ಫ್ಲುಯಾಕ್ಸೆಟಿನ್ 60-80ರವರೆಗೆ ಹೋಗೋದು ದೊಡ್ಡವರಲ್ಲಿ ಸಾಮಾನ್ಯ. ಏರಿಸೋದು ಡಾಕ್ಟರ ಕೆಲಸ, ನಿಮ್ಮದಲ್ಲ, ಮೆಡಿಕಲ್ ಶಾಪಿನವರದಂತೂ ಅಲ್ಲವೇ ಅಲ್ಲ. ಮೊದಲ ಗುಳಿಗೆಗೆ ನೂರರಲ್ಲಿ ಸುಮಾರು 40ರಿಂದ 60 ಮಂದಿಗೆ ಗುಣ ಕಾಣುತ್ತದೆ. ಗುಣ ಅಂದರೆ ಪೂರ್ತಿ ವಾಸಿ ಅಂತ ತಿಳಿಯಬೇಡಿ. ಡಾಕ್ಟರುಗಳ ಹತ್ತಿರ ವೈ-ಬಾಕ್ಸ್ ಅನ್ನೋ 40 ಅಂಕದ ಪ್ರಶ್ನಾವಳಿ ಇದೆ. ಅದರಲ್ಲಿ ಮೂರನೇ ಒಂದರಷ್ಟು ಇಳಿದರೆ ‘ಗುಣ’ ಅಂತಾರೆ. ನನಗೆ 28 ಇದ್ದದ್ದು ಗುಳಿಗೆಯಿಂದ ಹತ್ತೊಂಬತ್ತರ ಹತ್ತಿರಕ್ಕೆ ಬಂತು. ಅಲ್ಲಿಂದ ಕೆಳಗೆ ತಂದದ್ದು ಆ ಈಳಿಗೆ ಮಣೆ.

ಒಂದು ಗುಳಿಗೆ ಹಿಡಿಯದಿದ್ದರೆ ಇನ್ನೊಂದು ಎಸ್‌ಎಸ್‌ಆರ್‌ಐ ನೋಡುತ್ತಾರೆ. ಹಳೇ ಕ್ಲೋಮಿಪ್ರಮಿನ್ ಇದೆ, 1989ರಲ್ಲಿ ಅಮೆರಿಕದಲ್ಲಿ ಗೀಳಿಗೆ ಮೊದಲು ಒಪ್ಪಿಗೆ ಸಿಕ್ಕ ಔಷಧಿ. ಗಟ್ಟಿ ಗುಳಿಗೆ, ಆದರೆ ಬಾಯಿ ಒಣಗುತ್ತದೆ, ಮಲಬದ್ಧತೆ, ಹೃದಯದ ಇಸಿಜಿ ನೋಡಬೇಕಾಗುತ್ತದೆ. ಜೊತೆಗೆ ಸಣ್ಣ ಡೋಸಿನಲ್ಲಿ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಸೇರಿಸೋದೂ ಉಂಟು. ಅದಕ್ಕೂ ಜಗ್ಗದಿದ್ದರೆ ದೊಡ್ಡವರಿಗೆ ತಲೆಯ ಹೊರಗಿನಿಂದ ಅಯಸ್ಕಾಂತದ ಅಲೆ ಕೊಡುವ ಟಿಎಂಎಸ್, ಅಪರೂಪಕ್ಕೆ ಮೆದುಳಿನೊಳಗೆ ತಂತಿ ಇಡುವ ಡಿಬಿಎಸ್. ಫೋನ್ ಮಾಡಿದವರು ಮೊದಲ ಗುಳಿಗೆಗೂ ಮುಂಚೆ ಈ ಕೊನೆಯದರ ಬಗ್ಗೆಯೇ ಕೇಳುತ್ತಾರೆ, ಯೂಟ್ಯೂಬಿನ ಪ್ರಭಾವ.

ಎಲ್ಲಿಗೆ ಹೋಗಬೇಕು? ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಿರಜ್, ಸೊಲ್ಲಾಪುರ. ಗೀಳಿಗೆ ಮಾತ್ರ ನಿಮ್ಮ ಭಾಷೆಯಲ್ಲಿ ಮಾತಾಡುವವರು ಬೇಕು ಅಂತ ನನ್ನ ಅಭಿಪ್ರಾಯ. ಒಳಗಿರುವ ಹೊಲಸು ಯೋಚನೆಯನ್ನ ಅರ್ಧಂಬರ್ಧ ಹಿಂದಿಯಲ್ಲಿ ಹೇಗೆ ಹೇಳೋದು? ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ, ಅಲ್ಲಿಂದಲೇ ಶುರು ಮಾಡಿ. ಮನೋಚೈತನ್ಯ ಅಂತ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಯೋಜನೆ ಇದೆ. ಈ ವಾರ ಬರುತ್ತಾರಾ ಅಂತ ವಿಚಾರಿಸಿಕೊಂಡು ಹೋಗಿ. ಇನ್ನೂ ಬೇಕಾದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಹಟಮಾರಿ ಕಾಯಿಲೆಗೆ ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿ ಗೀಳಿಗಾಗಿಯೇ ಬೇರೆ ಕ್ಲಿನಿಕ್ ಇದೆ. ಎಲ್ಲಿಗೂ ಹೋಗೋಕೆ ಧೈರ್ಯ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಅದು, ದುಡ್ಡು ಬೇಡ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಥೆರಪಿಸ್ಟರನ್ನ ಹುಡುಕುವಾಗ ನಾಚಿಕೆ ಬಿಟ್ಟು ಒಂದು ಪ್ರಶ್ನೆ ಕೇಳಿ, "ನೀವು ಇಆರ್‌ಪಿ ಮಾಡಿಸ್ತೀರಾ?" ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತಿನ) ನೋಂದಣಿ ಇರುತ್ತದೆ, ಅದನ್ನೂ ಕೇಳಿ. ಪ್ರತಿ ಸಲ ಕೂರಿಸಿಕೊಂಡು ಬಾಲ್ಯದ ಕಥೆ ಕೇಳಿ, ‘ಏನೂ ಆಗಲ್ಲ ಬಿಡಿ’ ಅಂತ ಸಮಾಧಾನ ಹೇಳಿ, ಮನೆಯಲ್ಲಿ ಮಾಡೋಕೆ ಏನೂ ಕೊಡದೆ ಕಳಿಸುತ್ತಿದ್ದರೆ ಅವರು ಒಳ್ಳೆಯವರೇ ಇರಬಹುದು, ಗೀಳಿನ ಚಿಕಿತ್ಸೆ ಮಾತ್ರ ನಡೆಯುತ್ತಿಲ್ಲ. ಸುಮಾರು 12ರಿಂದ 20 ಸಲದ ಭೇಟಿಯಲ್ಲಿ ವ್ಯತ್ಯಾಸ ಗೊತ್ತಾಗಬೇಕು. ವಿಮೆ ಇದ್ದರೆ ಅದನ್ನೂ ತೆಗೆದು ನೋಡಿ, 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು.

ಗುಣವಾದ ಮೇಲೆ ಗುಳಿಗೆಯನ್ನ ನೀವಾಗಿಯೇ ನಿಲ್ಲಿಸಬೇಡಿ. ಸಾಮಾನ್ಯವಾಗಿ ಕಮ್ಮಿಯೆಂದರೂ ಒಂದೆರಡು ವರ್ಷ ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತಾರೆ. ಹುಡುಗ ಈಗ ಎಂಟನೇ ಕ್ಲಾಸು. ಈ ಬೇಸಿಗೆ ರಜೆಯಲ್ಲಿ ಡೋಸ್ ಇಳಿಸೋಣ ಅಂದಿದ್ದಾರೆ ಡಾಕ್ಟರು, ಪರೀಕ್ಷೆಯ ಮುಂದೆ ಬೇಡ ಅಂತ. ಕಾಕಾ ಆಗೀಗ ಬಂದು ಬಾಗಿಲು ತಟ್ಟುತ್ತಾನೆ. ಅಕ್ಕ ತಟ್ಟೆ ಬಡಿಸಿ ಅಡುಗೆಮನೆಗೆ ಹೋಗಿಬಿಡುತ್ತಾಳೆ, ಹುಡುಗ ಗೊಣಗುತ್ತಾ ಊಟ ಮಾಡುತ್ತಾನೆ.

ಇದನ್ನ ಓದಿ ವಾಟ್ಸಾಪಿನಲ್ಲಿ ಪ್ರಶ್ನೆ ಕೇಳಬೇಕು ಅನಿಸಿದವರು ಕೇಳಿ, ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. "ನನಗೆ ಇರೋದು ಓಸಿಡಿನೇ ಅಲ್ವಾ ಟೀಚರ್, ಬೇರೆ ಏನೂ ಇಲ್ಲ ಅಲ್ವಾ?" ಅಂತ ಅದೇ ಪ್ರಶ್ನೆಯನ್ನ ಎರಡನೇ ಸಲ ಕಳಿಸಿದರೆ ಮಾತ್ರ ಬ್ಲೂ ಟಿಕ್ ಬಿಟ್ಟು ಬೇರೇನೂ ಬರೋದಿಲ್ಲ. ಬೈದುಕೊಳ್ಳಿ, ಪರವಾಗಿಲ್ಲ.